ಔಟ್‌ಬೋರ್ಡ್ ಎಂಜಿನ್ ಬ್ಯಾಟರಿಯನ್ನು ಚಾರ್ಜ್ ಮಾಡದಿದ್ದಾಗ: ದೋಷ ಹುಡುಕುವ ಕ್ರಮ

ಮಿತ್ರರೇ,

ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಜೋಡಿಸುವ ಎಂಜಿನ್, ಇರುವ ದೋಣಿಯ ಬ್ಯಾಟರಿ ಮತ್ತೆ ಮತ್ತೆ ಖಾಲಿಯಾಗುತ್ತಿದೆ ಎಂದಾದರೆ ಹೆಚ್ಚಿನವರು ಮೊದಲು ಹೊಸ ಬ್ಯಾಟರಿ ಕೊಳ್ಳುತ್ತಾರೆ. ಅದೂ ಖಾಲಿಯಾದಾಗ ವಿದ್ಯುತ್ತನ್ನು ಬ್ಯಾಟರಿಗೆ ಒಗ್ಗುವಂತೆ ಬದಲಿಸುವ ರೆಕ್ಟಿಫೈಯರ್ ಬದಲಿಸುತ್ತಾರೆ, ಆಮೇಲೆ ವಿದ್ಯುತ್ ಹುಟ್ಟಿಸುವ ಸ್ಟೇಟರ್ ಬದಲಿಸುತ್ತಾರೆ. ಇಷ್ಟೆಲ್ಲ ಖರ್ಚಾದ ಮೇಲೆ ದೋಷ ಒಂದು ಸಡಿಲವಾದ ನಟ್ಟಿನಲ್ಲಿತ್ತೆಂದು ತಿಳಿಯುವುದು ಈ ಕೆಲಸದಲ್ಲಿ ಅಪರೂಪವೇನಲ್ಲ. ವೋಲ್ಟೇಜ್ ಮತ್ತು ರೋಧ (ಓಮ್) ಅಳೆಯುವ ಸಾಧಾರಣ ಮಲ್ಟಿಮೀಟರ್ ಕೈಯಲ್ಲಿದ್ದು, ಅಳೆಯಬೇಕಾದ ಜಾಗಗಳ ಕ್ರಮ ಗೊತ್ತಿದ್ದರೆ, ಒಂದು ಬಿಡಿಭಾಗವನ್ನೂ ಕೊಳ್ಳದೆ ದೋಷವಿರುವ ಕಡೆಯನ್ನು ಗುರುತಿಸಬಹುದು. ಆ ಕ್ರಮವನ್ನು ಇಂದು ವಿವರಿಸುತ್ತೇನೆ.

ಎಂಜಿನ್‌ನ ಮೇಲ್ಭಾಗದಲ್ಲಿ ತಿರುಗುವ ಫ್ಲೈವೀಲ್‌ನ ಒಳಸುತ್ತಿನಲ್ಲಿ ಶಾಶ್ವತ ಅಯಸ್ಕಾಂತಗಳಿರುತ್ತವೆ. ಅವುಗಳ ನಡುವೆ ಸ್ಥಿರವಾಗಿ ಕುಳಿತ ತಂತಿಸುರುಳಿಗಳ ಗುಂಪೇ ಸ್ಟೇಟರ್. ಫ್ಲೈವೀಲ್ ತಿರುಗಿದಾಗ ಸ್ಟೇಟರ್‌ನಲ್ಲಿ ಎಸಿ (ದಿಕ್ಕು ಬದಲಿಸುತ್ತ ಹರಿಯುವ) ವಿದ್ಯುತ್ ಹುಟ್ಟುತ್ತದೆ, ರೆಕ್ಟಿಫೈಯರ್‌ನಲ್ಲಿರುವ, ಕರೆಂಟನ್ನು ಒಂದೇ ದಿಕ್ಕಿನಲ್ಲಿ ಹಾಯಲು ಬಿಡುವ ಡಯೋಡ್‌ಗಳು ಅದನ್ನು ಡಿಸಿಯಾಗಿ (ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತಾಗಿ) ಬದಲಿಸುತ್ತವೆ, ರೆಗ್ಯುಲೇಟರ್ ಅದರ ವೋಲ್ಟೇಜನ್ನು ಮಿತಿಯಲ್ಲಿಡುತ್ತದೆ. ಈಗಿನ ಎಂಜಿನ್‌ಗಳಲ್ಲಿ ಇವೆರಡೂ ಸಾಮಾನ್ಯವಾಗಿ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಅಲ್ಲಿಂದ ಒಂದು ಫ್ಯೂಸ್ ದಾಟಿ ವಿದ್ಯುತ್ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಸೇರುತ್ತದೆ ಮತ್ತು ನೆಗೆಟಿವ್ ಕೇಬಲ್ ಹಾಗೂ ಎಂಜಿನ್‌ನ ಲೋಹದ ಮೈಯ ಮೂಲಕ ಹಿಂತಿರುಗುತ್ತದೆ. ಹಿಂತಿರುಗುವ ಈ ದಾರಿಯನ್ನು ಮರೆಯುವವರೇ ಹೆಚ್ಚು.

ಪರೀಕ್ಷೆಗೆ ಮೊದಲು ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು. ಎಂಜಿನನ್ನು ತಂಪಾಗಿಸುವ ನೀರಿನ ಪೂರೈಕೆಯಿಲ್ಲದೆ ಓಡಿಸಬಾರದು, ಪ್ರೊಪೆಲರ್‌ನ ಬಳಿ ಯಾರೂ ಇರಬಾರದು, ತಿರುಗುವ ಫ್ಲೈವೀಲ್‌ನಿಂದ ಕೈ ಮತ್ತು ಬಟ್ಟೆಯನ್ನು ದೂರವಿಡಬೇಕು. ಚಾರ್ಜ್ ಆಗುವ ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಪೆಟ್ರೋಲ್ ಆವಿಯೂ ಹಾಗೆಯೇ. ಆದ್ದರಿಂದ ಗಾಳಿಯಾಡುವ ಜಾಗದಲ್ಲೇ ಕೆಲಸ ಮಾಡಬೇಕು.

ಮೊದಲ ಅಳತೆ ಬ್ಯಾಟರಿಯದು. ಎಂಜಿನ್ ನಿಲ್ಲಿಸಿ, ಬ್ಯಾಟರಿಯನ್ನು ಕೆಲವು ಗಂಟೆ ಹಾಗೇ ಬಿಟ್ಟು ನೋಡಿದಾಗ 12.6 ವೋಲ್ಟ್‌ನ ಆಸುಪಾಸಿನಲ್ಲಿದ್ದರೆ ಅದು ಪೂರ್ಣ ತುಂಬಿದೆ. 12.2 ಇದ್ದರೆ ಅರ್ಧದಷ್ಟು ಖಾಲಿಯಾಗಿದೆ, 12ಕ್ಕಿಂತ ಕೆಳಗಿದ್ದರೆ ಬಹುಪಾಲು ಖಾಲಿಯಾಗಿದೆ ಎಂದು ತಿಳಿಯಬಹುದು. ಆದರೆ ಈ ಅಂಕಿಯನ್ನಷ್ಟೇ ನಂಬುವಂತಿಲ್ಲ, ಏಕೆಂದರೆ ಒಳಗೆ ಸವೆದ ಬ್ಯಾಟರಿಯೂ ಯಾವ ಉಪಕರಣವೂ ವಿದ್ಯುತ್ ಎಳೆಯದಿದ್ದಾಗ 12.6 ವೋಲ್ಟ್ ತೋರಿಸಬಲ್ಲದು. ಹೊರಗಿನ ಚಾರ್ಜರ್‌ನಿಂದ ಪೂರ್ಣ ತುಂಬಿಸಿ, ಲೋಡ್ ಟೆಸ್ಟ್ (ಬ್ಯಾಟರಿಯಿಂದ ಹೆಚ್ಚು ಕರೆಂಟ್ ಎಳೆದು ಮಾಡುವ ಪರೀಕ್ಷೆ) ಮಾಡಿಸಿದ ಮೇಲಷ್ಟೇ ಎಂಜಿನ್‌ನ ಕಡೆ ನೋಡುವುದು ಸರಿ. ಕೆಟ್ಟ ಬ್ಯಾಟರಿಯನ್ನಿಟ್ಟುಕೊಂಡು ಪಡೆದ ಮುಂದಿನ ಯಾವ ಅಳತೆಗೂ ಅರ್ಥವಿರುವುದಿಲ್ಲ.

ಬ್ಯಾಟರಿ ಚೆನ್ನಾಗಿದೆ ಎಂದಾದರೆ ಎಂಜಿನ್ ಚಾಲೂ ಮಾಡಿ, ವೇಗವನ್ನು ಐಡಲ್‌ಗಿಂತ (ಎಂಜಿನ್ ಸುಮ್ಮನೆ ಓಡುವ ಕನಿಷ್ಠ ವೇಗ) ಸಾಕಷ್ಟು ಏರಿಸಿ, ಬ್ಯಾಟರಿಯ ತುದಿಗಳಲ್ಲೇ ಮತ್ತೆ ಅಳೆಯಬೇಕು. ರೆಗ್ಯುಲೇಟರ್ ಇರುವ ವ್ಯವಸ್ಥೆಯಲ್ಲಿ ಅಂಕಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್‌ವರೆಗೆ ಏರುತ್ತದೆ. ಎಂಜಿನ್ ನಿಂತಿದ್ದಾಗ ಇದ್ದ ಅಂಕಿ ಹಾಗೇ ಉಳಿದರೆ ಅಥವಾ ನಿಧಾನವಾಗಿ ಇಳಿಯುತ್ತ ಹೋದರೆ, ವಿದ್ಯುತ್ ಹುಟ್ಟುತ್ತಿಲ್ಲ, ಇಲ್ಲವೇ ಹುಟ್ಟಿದ್ದು ಬ್ಯಾಟರಿಯನ್ನು ತಲುಪುತ್ತಿಲ್ಲ. ಇವೆರಡರಲ್ಲಿ ಯಾವುದು ಎಂದು ಬಿಡಿಸಿ ನೋಡುವುದೇ ಈ ಇಡೀ ಕೆಲಸದ ತಿರುಳು.

ನನ್ನ ಅಭಿಪ್ರಾಯದಲ್ಲಿ ಮೊದಲು ಅನುಮಾನಿಸಬೇಕಾದದ್ದು ವಿದ್ಯುತ್ ಹರಿಯುವ ದಾರಿಯನ್ನು. ಉಪ್ಪುನೀರು, ತೇವ ಮತ್ತು ಬಿಡದ ಕಂಪನ ಸೇರಿ ಟರ್ಮಿನಲ್‌ಗಳನ್ನು ತಿನ್ನುತ್ತವೆ, ಕೈಯಲ್ಲಿ ಬಿಗಿದ ರೆಕ್ಕೆನಟ್ಟುಗಳನ್ನು ಸಡಿಲಿಸುತ್ತವೆ, ತಂತಿಯ ಹೊದಿಕೆಯ ಒಳಗೇ ತಾಮ್ರವನ್ನು ಕಪ್ಪಾಗಿಸುತ್ತವೆ. ಹೊರಗಿನಿಂದ ನೋಡಿದರೆ ಇವು ಕಾಣುವುದಿಲ್ಲ. ಎಂಜಿನ್ ನಿಲ್ಲಿಸಿ ಓಮ್ ಅಳೆದರೂ ಸಿಗುವುದಿಲ್ಲ, ಏಕೆಂದರೆ ಒಂದೇ ಒಂದು ಎಳೆ ಉಳಿದ ಕೇಬಲ್ ಕೂಡ ಮೀಟರ್‌ನ ಅಲ್ಪ ಕರೆಂಟಿಗೆ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಕರೆಂಟ್ ಹರಿಯುತ್ತಿರುವಾಗಲೇ ವೋಲ್ಟೇಜ್ ನಷ್ಟವನ್ನು ಅಳೆಯಬೇಕು. ಎಂಜಿನ್ ಓಡುತ್ತಿರಲಿ, ದೀಪ ಮತ್ತು ಪಂಪುಗಳನ್ನು ಹಾಕಿರಲಿ. ಮೀಟರ್‌ನ ಒಂದು ಮೊನೆಯನ್ನು ರೆಕ್ಟಿಫೈಯರ್‌ನಿಂದ ಹೊರಡುವ ಪಾಸಿಟಿವ್ ತಂತಿಗೂ, ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ಸೀಸದ ಕಂಬಕ್ಕೂ ಒತ್ತಿ ಹಿಡಿಯಬೇಕು. ಕೇಬಲ್ಲಿನ ಹಿಡಿಕೆಗೆ ಒತ್ತಿದರೆ ಹಿಡಿಕೆ ಮತ್ತು ಕಂಬದ ನಡುವಿನ ದೋಷ ತಪ್ಪಿಹೋಗುತ್ತದೆ. ಅಂಕಿ 0.2 ಅಥವಾ 0.3 ವೋಲ್ಟ್ ಒಳಗಿದ್ದರೆ ಆ ದಾರಿ ಸರಿಯಿದೆ. ಅದಕ್ಕಿಂತ ಹೆಚ್ಚಿದ್ದರೆ ಮೊನೆಯನ್ನು ಒಂದೊಂದೇ ಜೋಡಣೆಗೆ ಸರಿಸುತ್ತ ಹೋದಂತೆ, ಅಂಕಿ ಥಟ್ಟನೆ ಬದಲಾಗುವ ಜಾಗದಲ್ಲಿ ದೋಷ ಸಿಗುತ್ತದೆ. ಬಿಸಿಯಿಂದ ಮೆತ್ತಗಾದ ಫ್ಯೂಸ್ ಹೋಲ್ಡರ್ ಮತ್ತು ಬ್ಯಾಟರಿ ಸ್ವಿಚ್ಚಿನ ಒಳಗಿನ ಸವೆದ ತಾಮ್ರ ಇಂಥ ಜಾಗಗಳು. ಇದೇ ಪರೀಕ್ಷೆಯನ್ನು ಎಂಜಿನ್‌ನ ಮೈ ಮತ್ತು ಬ್ಯಾಟರಿಯ ನೆಗೆಟಿವ್ ಕಂಬದ ನಡುವೆಯೂ ತಪ್ಪದೆ ಮಾಡಬೇಕು.

ದಾರಿ ಸರಿಯಿದ್ದರೆ ಸ್ಟೇಟರ್‌ನ ಸರದಿ. ಎಂಜಿನ್ ನಿಲ್ಲಿಸಿ ಅದರ ತಂತಿಗಳನ್ನು, ಹಲವು ಎಂಜಿನ್‌ಗಳಲ್ಲಿ ಹಳದಿ ಬಣ್ಣದವು, ರೆಕ್ಟಿಫೈಯರ್‌ನಿಂದ ಬಿಡಿಸಬೇಕು. ತಂತಿಗಳ ನಡುವೆ ಅತ್ಯಲ್ಪ ರೋಧ, ಬಹಳಷ್ಟು ಎಂಜಿನ್‌ಗಳಲ್ಲಿ 1 ಓಮ್‌ಗಿಂತಲೂ ಕಡಿಮೆ, ಇರಬೇಕು. ಯಾವ ತಂತಿಗೂ ಎಂಜಿನ್‌ನ ಮೈಯೊಂದಿಗೆ ಸಂಪರ್ಕ ಇರಕೂಡದು. ಖಚಿತ ಅಂಕಿ ಆಯಾ ಎಂಜಿನ್‌ನ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಮ್ಯಾನುಯಲ್ ಅನುಮತಿಸಿದರೆ ತಂತಿಗಳನ್ನು ಬಿಡಿಸಿದ ಸ್ಥಿತಿಯಲ್ಲೇ ಎಂಜಿನ್ ಓಡಿಸಿ ಎಸಿ ವೋಲ್ಟೇಜ್ ನೋಡಬೇಕು. ಮೂರು ತಂತಿಗಳಿದ್ದಲ್ಲಿ ಮೂರು ಜೋಡಿಗಳೂ ಹತ್ತಿರ ಹತ್ತಿರ ಒಂದೇ ಅಂಕಿ ತೋರಿಸಬೇಕು ಮತ್ತು ವೇಗ ಹೆಚ್ಚಿದಂತೆ ಆ ಅಂಕಿ ಏರಬೇಕು. ಒಂದು ಜೋಡಿ ಮಾತ್ರ ಹಿಂದೆ ಬಿದ್ದರೆ ಆ ಸುರುಳಿ ಕೆಟ್ಟಿದೆ. ತಣ್ಣಗಿದ್ದಾಗ ಸರಿಯಿದ್ದು, ಬಿಸಿಯಾದಾಗ ನಿರೋಧಕ ಪದರ ಬಿರಿದು ಸೋಲುವ ಸ್ಟೇಟರ್‌ಗಳೂ ಇರುವುದರಿಂದ, ಅನುಮಾನವಿದ್ದರೆ ಎಂಜಿನ್ ಬಿಸಿಯಾಗಿರುವಾಗ ಮತ್ತೊಮ್ಮೆ ಅಳೆಯುವುದು ಒಳ್ಳೆಯದು.

ಸ್ಟೇಟರ್ ಎಸಿ ಕೊಡುತ್ತಿದ್ದೂ ಡಿಸಿ ಬಾರದಿದ್ದರೆ ದೋಷ ರೆಕ್ಟಿಫೈಯರ್‌ನಲ್ಲಿದೆ. ಮೀಟರ್‌ನ ಡಯೋಡ್ ಪರೀಕ್ಷೆಯಲ್ಲಿ ಪ್ರತಿ ಡಯೋಡ್ ಒಂದು ದಿಕ್ಕಿನಲ್ಲಿ ಸುಮಾರು 0.4ರಿಂದ 0.7 ವೋಲ್ಟ್ ತೋರಿಸಿ, ವಿರುದ್ಧ ದಿಕ್ಕಿನಲ್ಲಿ ಏನನ್ನೂ ಹಾಯಲು ಬಿಡಬಾರದು. ರೆಗ್ಯುಲೇಟರ್ ಕೂಡ ಸೇರಿರುವ ಪೆಟ್ಟಿಗೆಗಳಲ್ಲಿ ಈ ಪರೀಕ್ಷೆ ಪೂರ್ತಿ ಚಿತ್ರ ಕೊಡದಿರಬಹುದು. ಅಂಥ ಕಡೆ ಮ್ಯಾನುಯಲ್‌ನ ಕೋಷ್ಟಕವನ್ನೇ ಅನುಸರಿಸಬೇಕು. ರೆಕ್ಟಿಫೈಯರ್ ಸುಟ್ಟಿದೆ ಎಂದು ಖಚಿತವಾದರೆ ಅದು ಯಾಕೆ ಸುಟ್ಟಿತು ಎಂದು ಕೇಳದೆ ಹೊಸದನ್ನು ಜೋಡಿಸಬೇಡಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಸ್ವಿಚ್ ಆಫ್ ಮಾಡಿದ್ದು, ಸಡಿಲ ಕೇಬಲ್ ಕ್ಷಣಕಾಲ ತಪ್ಪಿದ್ದು, ಬ್ಯಾಟರಿಯನ್ನು ತಿರುವುಮುರುವಾಗಿ ಜೋಡಿಸಿದ್ದು, ಈ ಮೂರೂ ಡಯೋಡ್‌ಗಳನ್ನು ಕೊಲ್ಲುವ ಸಾಮಾನ್ಯ ಕಾರಣಗಳು. ಕಾರಣ ಉಳಿದರೆ ಹೊಸ ಪೆಟ್ಟಿಗೆಯೂ ಅದೇ ದಾರಿ ಹಿಡಿಯುತ್ತದೆ.

ವೋಲ್ಟೇಜ್ 15 ದಾಟಿ ಏರುತ್ತಿದ್ದರೆ ಅದೂ ದೋಷವೇ. ರೆಗ್ಯುಲೇಟರ್ ಕೈಕೊಟ್ಟಾಗ ಬ್ಯಾಟರಿಯ ನೀರು ಬೇಗ ಕಡಿಮೆಯಾಗುತ್ತದೆ, ದೋಣಿಯ ಎಲೆಕ್ಟ್ರಾನಿಕ್ ಉಪಕರಣಗಳು ಕೆಡುತ್ತವೆ. ರೆಗ್ಯುಲೇಟರ್ ಇಲ್ಲದ ಹಳೆಯ ಸಣ್ಣ ಎಂಜಿನ್‌ಗಳಲ್ಲಿ ಪೂರ್ಣ ವೇಗದಲ್ಲಿ ಬಹಳ ಹೊತ್ತು ಓಡಿಸಿದಾಗ ಇದು ಸಹಜವಾಗಿಯೇ ಆಗುತ್ತದೆ. ಅಂಥ ಎಂಜಿನ್‌ಗೆ ನೀರು ಹಾಕಲಾಗದ ಸೀಲ್ಡ್ ಬ್ಯಾಟರಿ ಜೋಡಿಸುವುದು ತಪ್ಪು ಆಯ್ಕೆ.

ಕೊನೆಯದಾಗಿ, ಎಲ್ಲ ಅಳತೆಗಳೂ ಸರಿಯಿದ್ದು ಬ್ಯಾಟರಿ ಮಾತ್ರ ಖಾಲಿಯಾಗುತ್ತಿರುವ ಸಂದರ್ಭ. ಎಂಜಿನ್‌ನ ಮೇಲೆ ಬರೆದ ಆಂಪಿಯರ್ ಸಾಮರ್ಥ್ಯ ಹೆಚ್ಚಿನ ವೇಗದ್ದು. ಐಡಲ್‌ನಲ್ಲಿ ಅದರ ಒಂದು ಭಾಗ ಮಾತ್ರ ಸಿಗುತ್ತದೆ. ನಿಧಾನವಾಗಿ ಸಾಗುತ್ತ ಮೀನು ಹಿಡಿಯುವವರು ಸೋನಾರ್, ಪಂಪು, ದೀಪಗಳನ್ನೆಲ್ಲ ಹಾಕಿದ್ದರೆ, ಹುಟ್ಟುವುದಕ್ಕಿಂತ ಹೆಚ್ಚು ವಿದ್ಯುತ್ ಖರ್ಚಾಗುತ್ತಿರುತ್ತದೆ. ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರನ್ನು ಬ್ಯಾಟರಿಯ ಪಾಸಿಟಿವ್ ತುದಿಗೆ ಬರುವ ಎಲ್ಲ ಕೇಬಲ್‌ಗಳಿಗೂ ಒಟ್ಟಿಗೆ ಹಾಕಿ ನೋಡಿದರೆ, ಕರೆಂಟ್ ಬ್ಯಾಟರಿಯ ಒಳಗೆ ಹೋಗುತ್ತಿದೆಯೋ ಹೊರಗೆ ಬರುತ್ತಿದೆಯೋ ಎಂಬುದು ಕೂಡಲೇ ಗೊತ್ತಾಗುತ್ತದೆ. ಹೊರಗೆ ಬರುತ್ತಿದ್ದರೆ ರಿಪೇರಿಗೆ ಅಲ್ಲಿ ಏನೂ ಇಲ್ಲ. ಉಪಕರಣಗಳಿಗೆ ಪ್ರತ್ಯೇಕ ಬ್ಯಾಟರಿಯನ್ನು ಇಟ್ಟು, ಎಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನು ಆ ಕೆಲಸಕ್ಕಷ್ಟೇ ಮೀಸಲಿಡಬೇಕು.