ಕೇಪ್ ಕೋಸ್ಟ್‌ನಿಂದ ಕಾಕುಮ್ ಕಾಡಿಗೆ: ಘಾನಾದಲ್ಲಿ ಒಂದು ಡಿಸೆಂಬರ್

ನಮಸ್ಕಾರ. ಈಗ ನೀವು ನೋಡುತ್ತಿರುವುದು ಘಾನಾದ ರಾಜಧಾನಿ ಅಕ್ರಾದಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿ. ಅಂದು ಡಿಸೆಂಬರ್ 24. ಸಹಾರಾದ ಕಡೆಯಿಂದ ಬೀಸುವ ಹರ್ಮಟಾನ್ ಗಾಳಿಯ ಧೂಳಿನಿಂದ ಬಿಸಿಲು ಮಂಕಾಗಿತ್ತು. ಟ್ರೊಟ್ರೊ ಎಂದು ಕರೆಯುವ ಈ ವ್ಯಾನು ಸೀಟು ಭರ್ತಿಯಾಗುವವರೆಗೂ ನಿಲ್ದಾಣ ಬಿಡಲಿಲ್ಲ. ಹಬ್ಬಕ್ಕೆ ಊರಿಗೆ ಹೊರಟವರ ಅಕ್ಕಿಮೂಟೆ, ಬಟ್ಟೆಗಂಟುಗಳ ನಡುವೆ ನನಗೂ ಒಂದು ಮೂಲೆ ಸಿಕ್ಕಿತು. ಪಕ್ಕದಲ್ಲಿದ್ದ ಅಜ್ಜಿ ಇಳಿಯುವಾಗ 'ಅಫೆಶಿಯಾ ಪಾ' ಎಂದು ಹರಸಿದರು. ಅಕಾನ್ ಭಾಷೆಯ ಈ ಹಬ್ಬದ ಹಾರೈಕೆಗೆ, 'ವರ್ಷ ಹೋಗಿ ಮತ್ತೆ ಬಂದು ನಮ್ಮನ್ನು ಕಾಣಲಿ' ಎಂಬರ್ಥದ ಮಾತಿನಿಂದ ಉತ್ತರಿಸಬೇಕು. ಅಂದು ನನಗದು ಗೊತ್ತಿರಲಿಲ್ಲ, ಬರಿದೇ ಕೈಮುಗಿದೆ.

ನಾನು ಇಳಿದದ್ದು ಕಡಲತೀರದ ಕೇಪ್ ಕೋಸ್ಟ್ ಪಟ್ಟಣದಲ್ಲಿ. ಅಲ್ಲಿನ ಕೋಟೆಯ ನೆಲಮಾಳಿಗೆಯಲ್ಲಿ ನಾನು ಕ್ಯಾಮೆರಾ ಆರಿಸಿದ್ದೆ. ಆದ್ದರಿಂದ ಮುಂದಿನ ಕೆಲವು ಕ್ಷಣ ನಿಮ್ಮ ಪರದೆ ಕಪ್ಪಾಗಿಯೇ ಇರುತ್ತದೆ. ಅಟ್ಲಾಂಟಿಕ್‌ನ ಆಚೆಗೆ ಗುಲಾಮರಾಗಿ ಸಾಗಿಸಲೆಂದು ಹಿಡಿದು ತಂದವರನ್ನು, ಹಡಗು ಬರುವವರೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಗಾಳಿ ಬೆಳಕಿಗೆ ಒಂದೆರಡು ಕಿಂಡಿಗಳಷ್ಟೇ ಇರುವ ಈ ಕೋಣೆಗಳಲ್ಲಿ ತುಂಬಿಡುತ್ತಿದ್ದರು. ಗಂಡಸರನ್ನು ಕೂಡಿಡುತ್ತಿದ್ದ ನೆಲಮಾಳಿಗೆಯ ನೆತ್ತಿಯ ಮೇಲೆಯೇ ಪ್ರಾರ್ಥನಾ ಮಂದಿರವಿತ್ತು. ಕ್ರಿಸ್‌ಮಸ್‌ನ ಮುನ್ನಾದಿನ ಅಲ್ಲಿ ನಿಂತವಳಿಗೆ, ಮೇಲೆ ಹಾಡಿದ ಸ್ತುತಿಗೀತೆ ಕೆಳಗಿದ್ದವರ ಕಿವಿಗೆ ಬೀಳುತ್ತಿತ್ತೇ ಎಂಬುದನ್ನು ಬಿಟ್ಟು ಬೇರೇನೂ ತೋಚಲಿಲ್ಲ.

ಈಗ ಕಾಣುತ್ತಿರುವುದು ಅವರನ್ನು ಹಡಗಿನತ್ತ ನಡೆಸಿದ, 'ಮರಳಿ ಬಾರದ ಬಾಗಿಲು' ಎಂದು ಹೆಸರಾದ ದ್ವಾರ. 1998ರಲ್ಲಿ ಇಬ್ಬರು ಗುಲಾಮರ ಅವಶೇಷಗಳನ್ನು ಅಮೆರಿಕ ಮತ್ತು ಜಮೈಕಾದಿಂದ ತಂದು, ಇದೇ ಬಾಗಿಲಿನಿಂದ ಒಳಗೆ ಕರೆದುಕೊಂಡರು. ಹೊರಬದಿಯಲ್ಲಿ ಈಗ 'ಮರಳುವ ಬಾಗಿಲು' ಎಂಬ ಫಲಕವಿದೆ. ಬಾಗಿಲಾಚೆ ಬಣ್ಣಬಣ್ಣದ ದೋಣಿಗಳು, ಬಲೆ ಹೊಲಿಯುವ ಮೀನುಗಾರರು, ಚೆಂಡಾಡುವ ಮಕ್ಕಳು. ಪೋರ್ಚುಗೀಸರು 1482ರಲ್ಲಿ ಕಟ್ಟಲಾರಂಭಿಸಿದ ಎಲ್ಮಿನಾ ಕೋಟೆ ಇಲ್ಲಿಗೆ ಹತ್ತಿರದಲ್ಲೇ ಇದ್ದರೂ, ಅದೇ ದಿನ ಇನ್ನೊಂದು ನೆಲಮಾಳಿಗೆ ನೋಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಹಬ್ಬದ ಮರುದಿನ ಉತ್ತರಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ಸಾಗಿ ಕಾಕುಮ್ ರಾಷ್ಟ್ರೀಯ ಉದ್ಯಾನಕ್ಕೆ ಬಂದೆ. ಇಲ್ಲಿಯ ಮರಗಳ ತಲೆಗೆ ತಲೆ ಜೋಡಿಸಿ ಕಟ್ಟಿದ ಏಳು ತೂಗುಸೇತುವೆಗಳಿವೆ. ಒಟ್ಟು ಉದ್ದ ಸುಮಾರು 350 ಮೀಟರ್, ಕೆಲವೆಡೆ ನೆಲದಿಂದ ಎತ್ತರ ಸುಮಾರು 40 ಮೀಟರ್. ಪಾದವಿಡಲು ಒಂದೇ ಹಲಗೆಯ ಅಗಲ, ಎರಡೂ ಬದಿಗೆ ಹಗ್ಗದ ಬಲೆ. ಮೊದಲ ಸೇತುವೆಯಲ್ಲಿ ನನ್ನ ಕಣ್ಣು ಹಲಗೆಯನ್ನು ಬಿಟ್ಟು ಕದಲಲಿಲ್ಲ. ಮೂರನೆಯದಕ್ಕೆ ಬರುವಾಗ ಉಸಿರು ಹದಕ್ಕೆ ಬಂದಿತ್ತು. ಆಗ ತಲೆ ಎತ್ತಿದರೆ, ಕೆಳಗಿನಿಂದ ಬರಿಯ ಕಂಬಗಳಾಗಿ ಕಂಡ ಮರಗಳು ಇಲ್ಲಿ ಹೂವು, ಬಳ್ಳಿ, ಹಕ್ಕಿಗಳ ಇನ್ನೊಂದು ನೆಲವನ್ನೇ ಹೊತ್ತು ನಿಂತಿದ್ದವು. ಈ ಕಾಡಿನಲ್ಲಿ ಆನೆಗಳಿವೆ, ಆದರೆ ಹಗಲಿನ ಜನಸಂದಣಿಗೆ ಅವು ಕಾಣಿಸಿಕೊಳ್ಳುವುದು ಅಪರೂಪ, ನನಗೂ ಕಾಣಲಿಲ್ಲ.

ಕಾಡಿನಂಚಿನ ಹಳ್ಳಿಯಲ್ಲಿ ಕೋಕೋ ಕೊಯ್ಲು ನಡೆದಿತ್ತು. ಟೆಟೆ ಕ್ವಾರ್ಶಿ ಎಂಬ ಕಮ್ಮಾರ 1879ರಲ್ಲಿ ಫರ್ನಾಂಡೊ ಪೋ ದ್ವೀಪದಿಂದ ಬೀಜ ತಂದು ನೆಟ್ಟದ್ದನ್ನು ಇಲ್ಲಿ ಇಂದಿಗೂ ಗೌರವದಿಂದ ನೆನೆಯುತ್ತಾರೆ. ಪುತ್ತೂರಿನ ನಮ್ಮ ತೋಟದಲ್ಲಿ ಕೋಕೋ ಅಡಿಕೆಯ ನೆರಳಿನಲ್ಲಿ ಬೆಳೆಯುತ್ತದೆ. ಇಲ್ಲಿ ಕಾಡುಮರಗಳ ನೆರಳು. ಒಡೆದ ಕಾಯಿಗಳ ಬೀಜಗಳನ್ನು ಬಾಳೆಲೆಯಲ್ಲಿ ಮುಚ್ಚಿ ಸುಮಾರು ಆರು ದಿನ ಹುಳಿಸಿ, ಆಮೇಲೆ ಎತ್ತರಿಸಿದ ಚಾಪೆಯ ಮೇಲೆ ಒಣಗಿಸುತ್ತಾರೆ. ತೋಟದ ಒಡತಿ ಒಂದು ಕಾಯಿ ಒಡೆದು ನನ್ನ ಕೈಗಿತ್ತರು. ಬಿಳಿ ತಿರುಳನ್ನು ಚೀಪಿದಾಗ ನಾಲಗೆಗೆ ಬಂದದ್ದು, ಶಾಲೆಯಿಂದ ಮರಳುವ ದಾರಿಯಲ್ಲಿ ನಾನು ಚೀಪುತ್ತಿದ್ದ ಅದೇ ಹುಳಿಸಿಹಿ.