ಹತ್ತು ನೆಗೆತ, ಮೂರು ಸೆಕೆಂಡು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯಾ ಕಡೆ ಅಡಿಕೆ ತೋಟದಲ್ಲಿ ನಿಂತು ತಲೆಯೆತ್ತಿ ನೋಡಿದವರಿಗೆ ಇದು ಗೊತ್ತಿರುತ್ತದೆ. ಮದ್ದು ಬಿಡಲು ಹತ್ತಿದವರು ಒಂದು ಮರದ ಕೆಲಸ ಮುಗಿದ ಕೂಡಲೇ ಕೆಳಗಿಳಿಯುವುದಿಲ್ಲ. ಕೂತಲ್ಲೇ ಮರವನ್ನು ತೂಗಿಸುತ್ತಾರೆ. ಅದು ಬಳುಕಿ ಪಕ್ಕದ ಮರದ ಹತ್ತಿರ ಹೋದಾಗ ಕೈಚಾಚಿ ಹಿಡಿದು ದಾಟಿಬಿಡುತ್ತಾರೆ. ಕೆಳಗಿರುವ ನಮ್ಮ ಎದೆ ಝಲ್ ಅನ್ನುತ್ತದೆ. ಹಾಗೆ ಮರದಿಂದ ಮರಕ್ಕೆ ದಾಟುವ ಒಬ್ಬರ ಮಗಳ ಬಗ್ಗೆ ಇವತ್ತು ಮಾತಾಡುತ್ತೇನೆ.

ಹುಡುಗಿಗೆ ಈಗ ಹದಿನಾಲ್ಕು. ಹೆಸರು ಹೇಳುವುದಿಲ್ಲ, ಅಷ್ಟು ಎಳೆಯ ಹೆಗಲಿಗೆ ಊರವರ ಆಸೆಯ ಹೊರೆ ಈಗಲೇ ಬೇಡ. ಕನ್ನಡ ಶಾಲೆಯಲ್ಲಿ ನನ್ನ ಹತ್ತಿರ ಆಟ ಕಲಿತವಳು. ಈಗ ತಲಶ್ಶೇರಿಯಲ್ಲಿ ಹಾಸ್ಟೆಲಿನಲ್ಲಿದ್ದು ಟ್ರ್ಯಾಂಪೊಲಿನ್ ಅಭ್ಯಾಸ ಮಾಡುತ್ತಾಳೆ. ಈ ವರ್ಷ ಅವಳ ವಯಸ್ಸಿನವರ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಬಂತು.

ಟ್ರ್ಯಾಂಪೊಲಿನ್ ಅಂದರೆ ಜಾತ್ರೆಯಲ್ಲಿ, ಮಾಲಿನಲ್ಲಿ ಮಕ್ಕಳು ಕುಣಿಯುವ ಆಟ ಅಂತ ತಿಳಿದವರೇ ಜಾಸ್ತಿ. ಸ್ಪರ್ಧೆಯದ್ದು ಬೇರೆಯೇ. ಐದು ಮೀಟರ್ ಉದ್ದ, ಮೂರು ಮೀಟರಿಗೆ ತುಸು ಕಡಿಮೆ ಅಗಲದ ಕಬ್ಬಿಣದ ಚೌಕಟ್ಟು. ಅದರ ನಡುವೆ ನೂರಕ್ಕೂ ಹೆಚ್ಚು ಸ್ಪ್ರಿಂಗುಗಳಿಂದ ಎಳೆದು ಕಟ್ಟಿದ ನೈಲಾನ್ ಹಾಸು. ಅದರ ಮೇಲೆ ಹತ್ತು ನೆಗೆತ, ಹತ್ತೂ ಬೇರೆ ಬೇರೆ, ನಡುವೆ ಒಂದು ಕ್ಷಣವೂ ನಿಲ್ಲುವಂತಿಲ್ಲ. ಮಂಡಿಯನ್ನು ಎದೆಗೆ ತಂದು ಮುದುಡಿ ಲಾಗ ಹಾಕಬಹುದು, ಸೊಂಟದಲ್ಲಿ ಮಡಚಿ ಹಾಕಬಹುದು, ಮೈ ನೆಟ್ಟಗಿಟ್ಟು ಹಾಕಬಹುದು. ಲಾಗ ಎಷ್ಟು ಕಷ್ಟದ್ದು, ಎಷ್ಟು ಅಚ್ಚುಕಟ್ಟು, ಹಾಸಿನ ನಡುವಿನಿಂದ ಎಷ್ಟು ಸರಿದೆ, ಇವಕ್ಕೆಲ್ಲ ಅಂಕ ಉಂಟು. ನನಗೆ ಇಷ್ಟವಾದದ್ದು ಇನ್ನೊಂದು ಲೆಕ್ಕ: ಗಾಳಿಯಲ್ಲಿ ಇದ್ದ ಹೊತ್ತು. ಅದನ್ನು ಯಂತ್ರ ಅಳೆಯುತ್ತದೆ. ಜಗತ್ತಿನ ದೊಡ್ಡ ಆಟಗಾರರು ಒಂದೊಂದು ನೆಗೆತಕ್ಕೆ ಎರಡು ಸೆಕೆಂಡಿನ ಹತ್ತಿರ ಮೇಲಿರುತ್ತಾರೆ. ಎರಡು ಸೆಕೆಂಡು ಏನು ಮಹಾ ಅಂತ ಅನಿಸಬಹುದು. ಒಮ್ಮೆ ಕಣ್ಣು ಮುಚ್ಚಿ ಎಣಿಸಿ ನೋಡಿ. ಅಷ್ಟರಲ್ಲಿ ಮೂರು ಲಾಗ ಹಾಕಿ, ಮೈ ತಿರುಚಿ, ಮತ್ತೆ ಹಾಸಿನ ನಡುವಿಗೇ ಕಾಲೂರುವವರು ಇದ್ದಾರೆ.

ಆರಂಭದಲ್ಲಿ ಊರಿನ ಕೆಲವರು, 'ಇದೆಂತ, ಹೆಣ್ಣು ಮಗು ಸರ್ಕಸ್ಸಿಗೆ ಸೇರಿತಾ?' ಅಂತ ಕೇಳಿದರು. ಅವಳು ಅಳುತ್ತಾ ನನ್ನ ಮನೆಗೆ ಬಂದಳು. ಆ ದಿನ ಅವಳನ್ನು ಕೂರಿಸಿ ನಾನು ಹೇಳಿದ ಕತೆಯನ್ನು ನಿಮಗೂ ಹೇಳಬೇಕು.

ಅಮೆರಿಕದ ಅಯೋವಾದಲ್ಲಿ ಜಾರ್ಜ್ ನಿಸ್ಸೆನ್ ಅಂತ ಒಬ್ಬ ಹುಡುಗ ಇದ್ದ. ಸರ್ಕಸ್ಸಿನಲ್ಲಿ ಉಯ್ಯಾಲೆ ಆಟದವರು ಕೊನೆಗೆ ಕೆಳಗಿನ ಬಲೆಗೆ ಬಿದ್ದು ಪುಟಿಯುವುದನ್ನು ನೋಡಿ, ಆ ಪುಟಿತವನ್ನೇ ಒಂದು ಆಟ ಮಾಡಬಾರದೇಕೆ ಅಂದುಕೊಂಡ. 1930ರ ದಶಕದಲ್ಲಿ ಲ್ಯಾರಿ ಗ್ರಿಸ್‌ವೋಲ್ಡ್ ಜೊತೆ ಸೇರಿ ಅದನ್ನು ಮಾಡಿಯೇಬಿಟ್ಟ. ಸ್ಪ್ಯಾನಿಷ್ ಭಾಷೆಯಲ್ಲಿ ನೀರಿಗೆ ಹಾರುವ ಹಲಗೆಗೆ ಇದ್ದ ಹೆಸರೇ ಅದಕ್ಕೂ ಬಂತು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಅದು ಪದಕದ ಆಟವಾಯಿತು. ನಿಸ್ಸೆನ್ ಆಗಲೂ ಬದುಕಿದ್ದರು!

ಅಂದರೆ ಈ ಆಟದ ತೊಟ್ಟಿಲೇ ಸರ್ಕಸ್ಸಿನ ಬಲೆ. ಸರ್ಕಸ್ಸು ನಮಗೇನು ದೂರದ್ದಾ? ಕೀಲೇರಿ ಕುಂಞಿಕಣ್ಣನ್ ಅವರು ಸರ್ಕಸ್ ಶಾಲೆ ತೆರೆದದ್ದು ಇದೇ ತಲಶ್ಶೇರಿಯಲ್ಲಿ, 1901ರಲ್ಲಿ. ಅದೇ ಊರಿನ ಇನ್ನೊಬ್ಬರು ಕಣ್ಣನ್ ಬೊಂಬಾಯೊ ಎಂಬ ಹೆಸರಿನಲ್ಲಿ ಪ್ರಸಿದ್ಧರಾದರು. ನಿಸ್ಸೆನ್ ತನ್ನ ಚೌಕಟ್ಟು ಕಟ್ಟುತ್ತಿದ್ದ ಆ 1930ರ ದಶಕದಲ್ಲೇ ಅವರು ಅಮೆರಿಕದ ದೊಡ್ಡ ಸರ್ಕಸ್ಸಿನಲ್ಲಿ ಹಗ್ಗದ ಮೇಲೆ ಪುಟಿದು ಲಾಗ ಹಾಕುತ್ತಿದ್ದರು. 'ಸರ್ಕಸ್ಸಾ ಅಂತ ಕೇಳಿದರೆ ಹೌದು ಅನ್ನು ಮಗಾ' ಅಂದೆ. ಅವಳು ಕಣ್ಣೊರೆಸಿಕೊಂಡು, 'ಟೀಚರೇ, ಹಗ್ಗದ ಮೇಲಾ? ಅದರಲ್ಲಿ ಕಾಲಿಡಲು ಜಾಗ ಎಲ್ಲಿ?' ಅಂತ ಕೇಳಿದಳು.

ಕಳೆದ ಮಳೆಗಾಲದಲ್ಲಿ ಅವಳಿಗೆ ಕೆಟ್ಟ ಕಾಲ ಬಂತು. ಹಿಂದಕ್ಕೆ ಎರಡು ಲಾಗ ಹಾಕುವುದು ಅವಳಿಗೆ ನೀರು ಕುಡಿದಷ್ಟು ಸುಲಭವಿತ್ತು. ಒಂದು ದಿನ ಗಾಳಿಯಲ್ಲಿದ್ದಾಗಲೇ ಮೇಲಿನ ಮಾಡು ಯಾವುದು, ಕೆಳಗಿನ ನೆಲ ಯಾವುದು ಅಂತ ಗೊತ್ತಾಗದೆ ಹೋಯಿತು. ಬಿದ್ದದ್ದು ಹಾಸಿನ ಮೇಲೆಯೇ, ಗಾಯವಾಗಲಿಲ್ಲ. ಆದರೆ ಮರುದಿನದಿಂದ ಆ ಲಾಗ ಮೈಯಿಂದಲೇ ಮಾಯ. ಇದು ಈ ಆಟದಲ್ಲಿ ಹಲವರಿಗೆ ಆಗುತ್ತದೆ. ಬ್ರಿಟನ್ನಿನ ಬ್ರಯೋನಿ ಪೇಜ್ ಅವರಿಗೂ ಹದಿಹರೆಯದಲ್ಲಿ ಹೀಗೆಯೇ ಆಗಿತ್ತು. ಅವರು ಒಂದೊಂದೇ ನೆಗೆತವನ್ನು ಮತ್ತೆ ಕಲಿತರು. 2016ರ ರಿಯೊದಲ್ಲಿ ಬೆಳ್ಳಿ, ಟೋಕಿಯೊದಲ್ಲಿ ಕಂಚು, 2024ರ ಪ್ಯಾರಿಸ್‌ನಲ್ಲಿ, 33ನೇ ವಯಸ್ಸಿನಲ್ಲಿ, ಚಿನ್ನ. ಚಿನ್ನ ಗೆದ್ದ ಮೇಲೆ ಅವರು ಹೇಳಿಕೊಂಡ ಆಸೆ ಏನು ಗೊತ್ತಾ? ಸರ್ಕಸ್ ಸೇರಬೇಕು ಅಂತ!

ನಮ್ಮ ಹುಡುಗಿಗೆ ನಿಜವಾಗಿ ನಾಟಿದ್ದು ಅಪ್ಪನ ಮಾತು. ರಜೆಯಲ್ಲಿ ಮನೆಗೆ ಬಂದವಳನ್ನು ಅವರು ತೋಟಕ್ಕೆ ಕರೆದುಕೊಂಡು ಹೋದರಂತೆ. 'ಮರ ಬಗ್ಗುವಾಗ ಹೆದರಿ ಗಟ್ಟಿ ಹಿಡಿದರೆ ಅದು ನಿನ್ನನ್ನು ಒದರಿಬಿಡ್ತದೆ. ಅದರ ಜೊತೆಗೇ ಹೋಗಬೇಕು, ಅದರ ಜೊತೆಗೇ ವಾಪಸ್ ಬರಬೇಕು' ಅಂದರಂತೆ. ಅವಳು ತಿರುಗಿ ಹೋಗಿ ತಿಂಗಳುಗಟ್ಟಲೆ ಸುಮ್ನೆ ನೆಟ್ಟಗೆ ನೆಗೆದಳು, ಅಷ್ಟೇ. ಆಮೇಲೆ ಒಂದು ಲಾಗ. ಆಮೇಲೆ ಎರಡು. ಆ ಬೆಳ್ಳಿ ಪದಕಕ್ಕಿಂತ ಈ ಎರಡನೇ ಲಾಗ ನನಗೆ ದೊಡ್ಡದು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಕ್ಕಳನ್ನು ಆಟದ ಜಾಗದ ಟ್ರ್ಯಾಂಪೊಲಿನ್ನಿಗೆ ಬಿಡುವುದಾದರೆ ಒಮ್ಮೆಗೆ ಒಬ್ಬರನ್ನೇ ಬಿಡಿ. ಒಬ್ಬ ಕೆಳಗೆ ಬರುವಾಗ ಹಾಸು ಇನ್ನೊಬ್ಬನನ್ನು ಎಲ್ಲಿಗೋ ಎಸೆಯುತ್ತದೆ. ಕಲಿಸುವವರಿಲ್ಲದೆ ಲಾಗ ಬೇಡವೇ ಬೇಡ. ಕತ್ತಿನ ವಿಷಯ ಅದು.

ನಮ್ಮ ಶಾಲೆಯಲ್ಲಿ ಇದ್ದದ್ದು ಎರಡು ಹಳೇ ಚಾಪೆ. ಅದರ ಮೇಲೆ ಉರುಳಿ ಕಲಿತ ಹುಡುಗಿ ಅವಳು. ಗಡಿಯ ಕನ್ನಡ ಶಾಲೆಗಳಿಗೆ ಪುಸ್ತಕ ಕೊಡುತ್ತೇವೆ, ಸಂತೋಷ. ಇನ್ನು ಮುಂದೆ ನಾಲ್ಕು ಒಳ್ಳೆಯ ಚಾಪೆಯನ್ನೂ ಕೊಡೋಣ ಅಲ್ವಾ? ಅಗರ್ತಲದ ದೀಪಾ ಕರ್ಮಾಕರ್ ರಿಯೊದಲ್ಲಿ ವಾಲ್ಟ್, ಅಂದರೆ ಓಡಿ ಬಂದು ಮೇಜಿನಂಥದ್ದರ ಮೇಲೆ ಕೈಯೂರಿ ಹಾರುವ ಆಟದ, ಫೈನಲಿನಲ್ಲಿ ನಾಲ್ಕನೆಯವರಾದಾಗ ಇಡೀ ದೇಶ ಜಿಮ್ನಾಸ್ಟಿಕ್ಸ್ ನೋಡಿತು. ಟ್ರ್ಯಾಂಪೊಲಿನ್ನಿನಲ್ಲಿ ನಮ್ಮ ದೇಶದವರು ಯಾರೂ ಇನ್ನೂ ಒಲಿಂಪಿಕ್ಸ್ ಮುಟ್ಟಿಲ್ಲ. ಅಲ್ಲಿಗೆ ಹೋಗುವವರೇ ಹೆಣ್ಣುಮಕ್ಕಳಲ್ಲಿ ಹದಿನಾರು ಜನ, ಇಡೀ ಜಗತ್ತಿನಿಂದ. ಅವಳ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಕನ್ನಡದಲ್ಲಿ 'ಬ್ರಿಸ್ಬೇನ್ 2032' ಅಂತ ಬರೆದದ್ದನ್ನು ನಾನು ನೋಡಿದ್ದೇನೆ.

ಮುಂದಿನ ತಿಂಗಳು ಅವಳಿಗೆ ಇನ್ನೊಂದು ಸ್ಪರ್ಧೆ. ಅಪ್ಪ ಮೊದಲ ಸಲ ನೋಡಲು ಹೋಗುತ್ತಿದ್ದಾರೆ. ಮೊನ್ನೆ ದಾರಿಯಲ್ಲಿ ಸಿಕ್ಕಿದಾಗ ಕೇಳಿದರು: 'ಟೀಚರೇ, ಅಲ್ಲಿ ಚಪ್ಪಾಳೆ ಯಾವಾಗ ಹೊಡೆಯಬೇಕು?'

'ಹತ್ತು ಎಣಿಸಿ. ಹತ್ತನೆಯದು ಮುಗಿದ ಮೇಲೆ ಅವಳು ಅಲುಗದೆ ಮೂರು ಸೆಕೆಂಡು ನಿಲ್ಲಬೇಕು, ಅದು ನಿಯಮ. ಅವಳು ನಿಂತ ಮೇಲೆ ಹೊಡೆಯಿರಿ' ಅಂದೆ.

ಅವರು ಬೆರಳು ಮಡಚಿ ಹತ್ತರವರೆಗೆ ಒಮ್ಮೆ ಎಣಿಸಿ ನೋಡಿಕೊಂಡು ತೋಟದ ಕಡೆ ನಡೆದರು.

ನಮಸ್ಕಾರ.