'ರಾಶಿ' ಅಂದರೆ ಸಾಕು: ಮಾಡ್ಯೂಲುಗಳ ಕಥೆ

(ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರುವ ಮುಂಚೆ ಅಡಿಕೆ ಮಂಡಿ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ. ಸರಕು, ಬೆಟ್ಟೆ, ರಾಶಿ, ಗೊರಬಲು. ನಾಲ್ಕು ದರ್ಜೆಯ ಅಡಿಕೆ, ನಾಲ್ಕು ಹೆಸರು, ನಾಲ್ಕು ದರ. ನಿಮ್ಮಲ್ಲಿ ಸುಮಾರು ಜನ ಈ ಹೆಸರು ಕೇಳುತ್ತಲೇ ಬೆಳೆದವರು, ಅಲ್ವಾ? ದೂರದ ಊರಿನ ವ್ಯಾಪಾರಿ ಫೋನಿನಲ್ಲಿ 'ರಾಶಿ ಇಷ್ಟು ಕ್ವಿಂಟಲ್ ಬೇಕು' ಅನ್ನುತ್ತಾನೆ. ಯಾರ ತೋಟದ್ದು, ಯಾವ ಹಂಡೆಯಲ್ಲಿ ಬೇಯಿಸಿದ್ದು, ಬಣ್ಣಕ್ಕೆ ಹಾಕುವ ಚೊಗರು ಎಷ್ಟು ಹಳೆಯದು ಅಂತ ಕೇಳುವುದಿಲ್ಲ. ಮಾಲು ಬಂದಾಗ ಬಣ್ಣ, ಗಾತ್ರ, ಒಣಗಿದ್ದು ನೋಡುತ್ತಾನೆ. ಅಷ್ಟೇ.

ನಮ್ಮಜ್ಜಿ ಕಾಲದಲ್ಲಿ ಅಡಿಕೆ ಸುಲಿಯೋದು ಅಂದರೆ ಮೆಟ್ಟುಗತ್ತಿ. ಕೊಯ್ಲಿನ ದಿನಗಳಲ್ಲಿ ಜಗಲಿ ತುಂಬ ಜನ ಕೂತು ಅರ್ಧ ರಾತ್ರಿವರೆಗೂ ಸುಲಿಯುತ್ತಿದ್ದರು. ಈಗ ನಮ್ಮ ಮನೆಗೂ ಸುಲಿಯುವ ಯಂತ್ರ ಬಂದಿದೆ. ಒಳಗಿನ ಕೆಲಸ ಪೂರ್ತಿ ಬದಲಾಯಿತು. ಮಂಡಿಯಲ್ಲಿ ಮಾತ್ರ 'ರಾಶಿ' ರಾಶಿಯಾಗೇ ಉಳಿಯಿತು. ಕೊಳ್ಳುವವನಿಗೆ ನಮ್ಮ ಮನೆಗೆ ಯಂತ್ರ ಬಂದದ್ದು ಗೊತ್ತೇ ಇಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ.

ಇವತ್ತಿನ ನನ್ನ ಮಾತೆಲ್ಲ ಈ ಒಂದು ಗುಟ್ಟಿನ ಸುತ್ತಲೇ. ಕಂಪೈಲರ್ ಅಂದರೆ ನಾವು ಬರೆದ ಪ್ರೋಗ್ರಾಮನ್ನು ಕಂಪ್ಯೂಟರಿನ ಭಾಷೆಗೆ ಅನುವಾದಿಸುವ ತಂತ್ರಾಂಶ. ಅದರ ಚರಿತ್ರೆ ಹೇಳುವವರು ವೇಗದ ಬಗ್ಗೆ ಜಾಸ್ತಿ ಹೇಳುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಆವಿಷ್ಕಾರ, ಪ್ರೋಗ್ರಾಮಿನ ಒಂದು ಭಾಗ ಇನ್ನೊಂದಕ್ಕೆ ಎಷ್ಟು ಹೇಳಬೇಕು, ಎಷ್ಟು ಹೇಳಬಾರದು ಅಂತ ಬೇಲಿ ಹಾಕಿದ್ದು. ಹಾಗೆ ಬೇಲಿ ಹಾಕಿಕೊಂಡ ಭಾಗಕ್ಕೇ ಮಾಡ್ಯೂಲ್ ಅನ್ನುತ್ತೇವೆ.

ಮೊದಲಿನಿಂದ ಬರೋಣ. 1949ರ ಮೇ ತಿಂಗಳು, ಕೇಂಬ್ರಿಡ್ಜ್. ಎಡ್ಸ್ಯಾಕ್ ಅನ್ನುವ ಕಂಪ್ಯೂಟರ್ ತನ್ನ ಮೊದಲ ಲೆಕ್ಕ ಮಾಡಿತು. ಪ್ರೋಗ್ರಾಮ್ ಇರುತ್ತಿದ್ದದ್ದು ತೂತು ಹೊಡೆದ ಕಾಗದದ ಪಟ್ಟಿಯಲ್ಲಿ. ವರ್ಗಮೂಲ ತೆಗೆಯುವುದು, ಅಂಕಿ ಮುದ್ರಿಸುವುದು, ಇಂಥ ಕೆಲಸ ಎಲ್ಲರಿಗೂ ಬೇಕಲ್ಲ? ಒಬ್ಬರು ಸರಿಯಾಗಿ ಬರೆದ ಪಟ್ಟಿಯನ್ನು ಎತ್ತಿಟ್ಟು, ಬೇಕಾದವರು ನಕಲು ಮಾಡಿಕೊಳ್ಳುತ್ತಿದ್ದರು. ಇವತ್ತು ನೀವು ಲೈಬ್ರರಿ ಅಂತೀರಲ್ಲ, ಅದರ ಮೊದಲ ರೂಪ ಇದು.

ಅಲ್ಲೊಂದು ತೊಡಕಿತ್ತು. ನಮ್ಮ ಕಡೆ ಹೊರಡುವಾಗ ಯಾರೂ 'ಹೋಗ್ತೀನಿ' ಅನ್ನಲ್ಲ, 'ಹೋಗಿ ಬರ್ತೀನಿ' ಅನ್ನುತ್ತೇವೆ. ಎಡ್ಸ್ಯಾಕಿಗೆ 'ಹೋಗು' ಅನ್ನುವುದು ಗೊತ್ತಿತ್ತು, 'ಹೋಗಿ ಬಾ' ಗೊತ್ತಿರಲಿಲ್ಲ. ವರ್ಗಮೂಲದ ಪಟ್ಟಿಗೆ ಹೋದರೆ ವಾಪಸ್ ಎಲ್ಲಿಗೆ ಬರಬೇಕು? ಕರೆದವರು ಹತ್ತು ಕಡೆ ಇರಬಹುದು. ಇದನ್ನು ಬಿಡಿಸಿದ್ದು ಡೇವಿಡ್ ವೀಲರ್. ಆಗ ಅವರಿಗೆ 22 ವರ್ಷ, ಹೆಚ್ಚುಕಮ್ಮಿ ನಿಮ್ಮದೇ ವಯಸ್ಸು. ಅವರ ಉಪಾಯ ಹೀಗೆ: ಹೊರಡುವ ಮುಂಚೆ, ತಾನು ಎಲ್ಲಿಂದ ಹೊರಟೆ ಅನ್ನುವುದನ್ನು ಕಂಪ್ಯೂಟರಿನ ಲೆಕ್ಕದ ಜಾಗದಲ್ಲಿ ಹಿಡಿದುಕೊಂಡು ಹೋಗಬೇಕು. ಅಲ್ಲಿಗೆ ಹೋದಮೇಲೆ ಆ ಪಟ್ಟಿ ಮಾಡುವ ಮೊದಲ ಕೆಲಸ, ಆ ವಿಳಾಸದಿಂದ ವಾಪಸ್ ಹೋಗುವ ಆಜ್ಞೆ ತಯಾರಿಸಿ ತನ್ನದೇ ಕೊನೆಯ ಸಾಲಿನಲ್ಲಿ ಬರೆದುಕೊಳ್ಳುವುದು. ಆಮೇಲೆ ಕೆಲಸ. ಕೊನೆಯ ಸಾಲಿಗೆ ಬಂದಾಗ ತಾನಾಗೇ ಕರೆದವರ ಹತ್ತಿರ ವಾಪಸ್. ಮೊದಲ ಸಲ ಇದನ್ನು ಓದಿದಾಗ ನಾನು ಕಾಗದದ ಮೇಲೆ ಬರೆದು ಬರೆದು ನೋಡಿದ್ದೆ. ನೀವೂ ಒಂದ್ಸಲ ಮಾಡಿ ನೋಡಿ.

ಅಮೆರಿಕದಲ್ಲಿ ಗ್ರೇಸ್ ಹಾಪರ್ ಯುನಿವ್ಯಾಕ್ ಯಂತ್ರಕ್ಕೆ 'ಎ-0' ಅನ್ನುವ ಪ್ರೋಗ್ರಾಮ್ ಮಾಡಿದರು, 1952ರ ಹೊತ್ತಿಗೆ. ಅದನ್ನು ಅವರು ಕಂಪೈಲರ್ ಅಂತ ಕರೆದರು. ಕಂಪೈಲ್ ಅಂದರೆ ಕಲೆಹಾಕುವುದು, ಸಂಕಲನ ಮಾಡುವುದು. ಬೇಕಾದ ತುಣುಕುಗಳನ್ನು ಟೇಪಿನಿಂದ ಆರಿಸಿ ಜೋಡಿಸಿ ಒಂದು ಪ್ರೋಗ್ರಾಮ್ ಮಾಡುವುದು ಅದರ ಕೆಲಸ. ಇವತ್ತು ಅದನ್ನು ಲಿಂಕರ್ ಅನ್ನುತ್ತೇವೆ. ಅಂದರೆ ಮೊದಲು ಬಂದದ್ದು ಜೋಡಣೆ, ಅನುವಾದ ಆಮೇಲೆ. 1957ರಲ್ಲಿ ಜಾನ್ ಬ್ಯಾಕಸ್ ಅವರ ತಂಡ ಐಬಿಎಂ 704 ಯಂತ್ರಕ್ಕೆ ಫೋರ್ಟ್ರಾನ್ ಭಾಷೆ ಕೊಟ್ಟಾಗ ಗಣಿತದ ಸೂತ್ರವನ್ನು ಹೆಚ್ಚುಕಮ್ಮಿ ಇದ್ದ ಹಾಗೇ ಬರೆಯುವ ಕಾಲ ಬಂತು. ಮಾರನೇ ವರ್ಷ ಬಂದ ಫೋರ್ಟ್ರಾನ್ 2ರಲ್ಲಿ ಪ್ರೋಗ್ರಾಮಿನ ತುಣುಕುಗಳಾದ ಒಂದೊಂದು ಸಬ್‌ರೂಟೀನನ್ನೂ ಬೇರೆ ಬೇರೆಯಾಗಿ ಕಂಪೈಲ್ ಮಾಡಬಹುದಾಯಿತು. ನನಗೆ ಮುಖ್ಯ ಅನ್ನಿಸುವುದು ಈ ಎರಡನೆಯದು.

ಯಾಕೆ ಅಂದರೆ, ಬೇರೆ ಬೇರೆ ಕಂಪೈಲ್ ಮಾಡಿದಾಗ ಒಂದು ಫೈಲಿಗೆ ಇನ್ನೊಂದು ಕಾಣಿಸುವುದಿಲ್ಲ. ಬಿಲ್ಲಿನ ಫೈಲು ತೂಕದ ಫಂಕ್ಷನನ್ನು, ಅಂದರೆ ತೂಕ ಹೇಳುವ ತುಣುಕನ್ನು, ಕರೆಯುತ್ತದೆ ಅನ್ನಿ. ಅದು ಎಲ್ಲಿದೆ ಅಂತ ಕಂಪೈಲರಿಗೆ ಗೊತ್ತಿಲ್ಲ. ಅಲ್ಲೊಂದು ಜಾಗ ಖಾಲಿ ಬಿಟ್ಟು, ಪಕ್ಕದಲ್ಲಿ ಹೆಸರು ಬರೆದು ಮುಂದೆ ಹೋಗುತ್ತದೆ. ಆಮೇಲೆ ಲಿಂಕರ್ ಬಂದು ಹೆಸರಿಗೆ ಹೆಸರು ತಾಳೆ ಹಾಕಿ ಖಾಲಿ ಜಾಗ ತುಂಬುತ್ತದೆ. ಸಿ ಭಾಷೆಯಲ್ಲಿ ಲಿಂಕರ್ ನೋಡುವುದು ಹೆಸರು ಮಾತ್ರ. ಹೆಸರಿನ ಹಿಂದೆ ಏನಿದೆ ಅಂತ ಕೇಳುವುದಿಲ್ಲ.

ಇದರಿಂದ ಏನಾಗುತ್ತದೆ ಅಂತ ನಾನು ಕಲಿತದ್ದು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಅಡಿಕೆ ವ್ಯಾಪಾರದ ಲೆಕ್ಕಕ್ಕೆ ಸಿ ಭಾಷೆಯಲ್ಲಿ ಒಂದು ತಂತ್ರಾಂಶ ಬರೆಯುತ್ತಿದ್ದೆವು. ತೂಕದ ಫೈಲು ನನ್ನದು, ಬಿಲ್ಲಿನದು ಇನ್ನೊಬ್ಬರದು. ನನ್ನ ಫಂಕ್ಷನ್ ತೂಕವನ್ನು ಕ್ವಿಂಟಲಿನಲ್ಲಿ ಕೊಡುತ್ತಿತ್ತು. ಹೊಸ ತೂಕದ ಯಂತ್ರ ಬಂತು, ಅದರ ಅಂಕಿ ಕೆಜಿಯಲ್ಲಿ. ನಾನೂ ಕೆಜಿಯಲ್ಲೇ ಕೊಡುವ ಹಾಗೆ ಬದಲಾಯಿಸಿದೆ. ಮೊದಲೂ ಅದು ಒಂದು ದಶಮಾಂಶ ಸಂಖ್ಯೆ, ಈಗಲೂ ದಶಮಾಂಶ ಸಂಖ್ಯೆ. ಹೆಡರ್ ಫೈಲಿನಲ್ಲಿ, ಅಂದರೆ ನನ್ನ ಫಂಕ್ಷನುಗಳ ಹೆಸರು, ರೂಪ ಮಾತ್ರ ಬೇರೆಯವರಿಗೆ ಹೇಳುವ ಫೈಲಿನಲ್ಲಿ, ಒಂದಕ್ಷರವೂ ಬದಲಾಗಲಿಲ್ಲ. ನನ್ನ ಫೈಲೊಂದೇ ಕಂಪೈಲ್ ಆಯಿತು, ಲಿಂಕರ್ ಜೋಡಿಸಿತು, ಒಂದು ಎಚ್ಚರಿಕೆಯೂ ಬರಲಿಲ್ಲ. ಮಾರನೇ ದಿನ 3 ಕ್ವಿಂಟಲ್ 20 ಕೆಜಿ ತಂದವರಿಗೆ 320 ಕ್ವಿಂಟಲಿನ ಬಿಲ್ಲು ಬಂತು. ಆ ಹಿರಿಯರು ಚೀಟಿಯನ್ನು ಎರಡೆರಡು ಸಲ ನೋಡಿ, 'ಅಲ್ಲ ಮಾರಾಯ, ನಮ್ಮ ಇಡೀ ಊರಲ್ಲೂ ಇಷ್ಟು ಆಗಲ್ಲ' ಅಂದರು. ಅವರು ನೋಡದೇ ಹೋಗಿದ್ದರೆ? ಆ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಹಿಂದೆ ಕೂತವರಿಗೆ ಕೇಳಿಸ್ತಿದೆಯಾ? ಮಳೆ ಜೋರಾಯಿತು. ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ.

1972ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ ಒಂದು ಚಿಕ್ಕ ಪ್ರಬಂಧ ಬರೆದರು. ಅವರ ಉದಾಹರಣೆ ತೀರಾ ಸರಳ. ಒಂದಿಷ್ಟು ಸಾಲು ಕೊಡುತ್ತೇವೆ. ಪ್ರತಿ ಸಾಲಿನ ಮೊದಲ ಪದವನ್ನು ತೆಗೆದು ಕೊನೆಗೆ ಹಾಕುತ್ತಾ ಹೋಗಬೇಕು, ಬಂದ ಎಲ್ಲ ರೂಪಗಳನ್ನೂ ಅಕಾರಾದಿಯಾಗಿ ಜೋಡಿಸಬೇಕು. ನಮಗೆ ಹೇಳಿದರೆ ಏನು ಮಾಡುತ್ತೇವೆ? ಓದುವುದು ಒಂದು ಮಾಡ್ಯೂಲ್, ತಿರುಗಿಸುವುದು ಒಂದು, ಜೋಡಿಸುವುದು ಒಂದು, ಮುದ್ರಿಸುವುದು ಒಂದು. ಕೆಲಸ ನಡೆಯುವ ಕ್ರಮದಲ್ಲೇ ಹೋಳು. ಪಾರ್ನಾಸ್ ಅದನ್ನೇ ತಪ್ಪು ಅಂದರು. ಹಾಗೆ ಹೋಳು ಮಾಡಿದರೆ ಸಾಲುಗಳನ್ನು ಮೆಮೊರಿಯಲ್ಲಿ ಹೇಗೆ ಇಟ್ಟಿದ್ದೇವೆ ಅನ್ನುವುದು ಎಲ್ಲ ಹೋಳುಗಳಿಗೂ ಗೊತ್ತಿರಬೇಕಾಗುತ್ತದೆ. ನಾಳೆ ಅದು ಬದಲಾದರೆ ಎಲ್ಲವೂ ಬದಲಾಗಬೇಕು. ಮುಂದೆ ಬದಲಾಗಬಹುದಾದ ತೀರ್ಮಾನ ಯಾವುದು ಅಂತ ಮೊದಲು ಹುಡುಕಿ, ಒಂದೊಂದನ್ನೂ ಒಂದೊಂದು ಮಾಡ್ಯೂಲಿನ ಒಳಗೆ ಮುಚ್ಚಿಡಿ ಅನ್ನುವುದು ಅವರ ಸಲಹೆ. ಸುಲಿಯುವುದು ಕತ್ತಿಯಲ್ಲೋ ಯಂತ್ರದಲ್ಲೋ ಅನ್ನುವುದು ಮನೆಯ ಒಳಗೇ ಇರಲಿ, ಹೊರಗೆ 'ರಾಶಿ' ಅಂತಷ್ಟೇ ಹೋಗಲಿ.

ಸಲಹೆ ಒಳ್ಳೆಯದು. ಆದರೆ ಬರೆಯುವವರೆಲ್ಲ ಅದನ್ನು ಪಾಲಿಸುತ್ತಾರೆ ಅಂತ ಯಾರು ನೋಡಿಕೊಳ್ಳಬೇಕು? ಎಂಐಟಿಯಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಅವರ ವಿದ್ಯಾರ್ಥಿಗಳು 1970ರ ದಶಕದಲ್ಲಿ ಮಾಡಿದ ಕ್ಲೂ ಭಾಷೆ ಆ ಕಾವಲು ಕೆಲಸವನ್ನು ಕಂಪೈಲರಿಗೇ ಕೊಟ್ಟಿತು. ಒಂದು ಟೈಪಿನ, ಅಂದರೆ ಒಂದು ಬಗೆಯ ಮಾಹಿತಿಯ, ಒಳಗೆ ಏನಿದೆ ಅನ್ನುವುದು ಅದನ್ನು ಬರೆದ ತುಣುಕಿಗೆ ಮಾತ್ರ ಗೊತ್ತು. ಹೊರಗಿನವರು ಒಳಗೆ ಕೈ ಹಾಕಿದರೆ ಪ್ರೋಗ್ರಾಮ್ ಕಂಪೈಲೇ ಆಗುವುದಿಲ್ಲ. ಲಿಸ್ಕೋವ್ ಅವರಿಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ, 2008ರದ್ದು, ಬಂತು. ಆ ಬಿಲ್ಲು ಆದಮೇಲೆ ನಾನೂ 'ತೂಕ' ಅಂತ ಬೇರೆಯೇ ಒಂದು ಟೈಪ್ ಮಾಡಿದೆ. ಒಳಗೆ ಕೆಜಿಯೋ ಗ್ರಾಮೋ ಹೊರಗಿನವರಿಗೆ ಕಾಣುವುದಿಲ್ಲ. ಅಂಕಿ ಬೇಕಾದರೆ 'ಕ್ವಿಂಟಲಿನಲ್ಲಿ ಕೊಡು' ಅಥವಾ 'ಕೆಜಿಯಲ್ಲಿ ಕೊಡು' ಅಂತ ಬಾಯಿಬಿಟ್ಟು ಕೇಳಲೇಬೇಕು. ಸಿ ಭಾಷೆಯಲ್ಲೂ ಇಷ್ಟು ಮಾಡಬಹುದು. ಸುಮ್ನೆ ಒಂದು ಸಂಖ್ಯೆ ಅಂತ ಬಿಟ್ಟಿದ್ದೇ ನನ್ನ ತಪ್ಪು.

ಇನ್ನು ಮತ್ತೆ ಮತ್ತೆ ಕಂಪೈಲ್ ಮಾಡುವ ಕಷ್ಟ. ಬೆಲ್ ಲ್ಯಾಬ್ಸಿನಲ್ಲಿ ಸ್ಟೀವ್ ಜಾನ್ಸನ್ ಒಂದು ಬೆಳಿಗ್ಗೆಯೆಲ್ಲ ಸರಿಯಾಗೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದರು. ತಪ್ಪನ್ನು ತಿದ್ದಿಯಾಗಿತ್ತು, ಆದರೆ ಆ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಅವರ ಸಿಟ್ಟು ನೋಡಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದೇ ಮೇಕ್, 1976ರಲ್ಲಿ. ಯಾವ ಫೈಲು ಯಾವುದರ ಮೇಲೆ ನಿಂತಿದೆ ಅಂತ ಬರೆದುಕೊಟ್ಟರೆ, ಬದಲಾದ ಹೊತ್ತು ನೋಡಿ ಬೇಕಾದ್ದನ್ನು ಮಾತ್ರ ಮತ್ತೆ ಕಂಪೈಲ್ ಮಾಡುತ್ತದೆ. ಆದರೆ ಮೇಕ್ ನೋಡುವುದು ಗಡಿಯಾರ. ಹೆಡರಿನಲ್ಲಿ ಒಂದು ಟಿಪ್ಪಣಿ ತಿದ್ದಿದರೂ ಅದನ್ನು ನಂಬಿದ ಎಲ್ಲ ಫೈಲೂ ಮತ್ತೆ ಮೊದಲಿನಿಂದ.

ಸಿ, ಸಿ++ ಭಾಷೆಗಳ ಹೆಡರ್ ಅಂದರೆ ನಿಜದಲ್ಲಿ ಬೇಲಿಯೇ ಅಲ್ಲ. ಆ ಫೈಲಿನ ಪಠ್ಯವನ್ನು ಅನಾಮತ್ತು ತಂದು ಅಂಟಿಸುವುದು. ಅದರೊಳಗೆ ಇನ್ನೊಂದು ಹೆಡರ್, ಅದರೊಳಗೆ ಮತ್ತೊಂದು. 2007ರಲ್ಲಿ ಗೂಗಲ್‌ನ ಎಂಜಿನಿಯರುಗಳು ತಮ್ಮದೊಂದು ದೊಡ್ಡ ಪ್ರೋಗ್ರಾಮನ್ನು ಅಳೆದು ನೋಡಿದರು. ಸುಮಾರು 2000 ಫೈಲು, ಎಲ್ಲ ಸೇರಿ 4.2 ಮೆಗಾಬೈಟ್. ಹೆಡರುಗಳೆಲ್ಲ ಬಿಚ್ಚಿಕೊಂಡ ಮೇಲೆ ಕಂಪೈಲರ್ ಓದಬೇಕಾದದ್ದು 8 ಗಿಗಾಬೈಟಿಗಿಂತ ಜಾಸ್ತಿ! ಒಂದು ಚೀಲ ಅಡಿಕೆ ಕೊಳ್ಳಲು ಪ್ರತಿ ಸಲವೂ ತೋಟ, ಹಂಡೆ, ಅಂಗಳ ಎಲ್ಲವನ್ನೂ ಮಂಡಿಗೆ ಹೊತ್ತು ತಂದ ಹಾಗೆ.

ಇದಕ್ಕೆ ಮದ್ದು ಮೂವತ್ತು ವರ್ಷ ಮೊದಲೇ ಇತ್ತು ಅನ್ನುವುದು ನನಗೆ ಬೇಜಾರಿನ ಸಂಗತಿ. ಜೂರಿಕ್‌ನ ನಿಕ್ಲಾಸ್ ವಿರ್ತ್, ಒಂದು ವರ್ಷ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದು ಅಲ್ಲಿನ ಮೀಸಾ ಭಾಷೆ ನೋಡಿ ಬಂದು, 1970ರ ದಶಕದ ಕೊನೆಯಲ್ಲಿ ಮಾಡ್ಯುಲಾ-2 ಮಾಡಿದರು. ಅದರಲ್ಲಿ ಪ್ರತಿ ಮಾಡ್ಯೂಲಿಗೂ ಎರಡು ಕಾಗದ. ಒಂದರಲ್ಲಿ ಹೊರಗಿನವರಿಗೆ ಕೊಡುವ ಮಾತು, ಇನ್ನೊಂದರಲ್ಲಿ ಒಳಗಿನ ಕೆಲಸ. ಮೊದಲನೆಯದನ್ನು ಒಂದು ಸಲ ಕಂಪೈಲ್ ಮಾಡಿಟ್ಟರೆ ಉಳಿದವರು ಆ ಸಾರವನ್ನು ಓದಿದರೆ ಸಾಕು. ಎರಡನೆಯದನ್ನು ಎಷ್ಟು ಸಲ ತಿದ್ದಿದರೂ ಬೇರೆ ಯಾರಿಗೂ ತೊಂದರೆ ಇಲ್ಲ. 2009ರಲ್ಲಿ ಹೊರಬಂದ ಗೋ ಭಾಷೆಯಲ್ಲಿ ಇದೇ ವಿಚಾರ ಮತ್ತೆ ಕಾಣುತ್ತದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ಗ್ರೀಸ್‌ಮರ್ ಜೂರಿಕ್‌ನಲ್ಲೇ ಓದಿದವರು. ಗೋದಲ್ಲಿ ಎರಡು ಪ್ಯಾಕೇಜು, ಅಂದರೆ ಕೋಡಿನ ಕಟ್ಟು, ಒಂದನ್ನೊಂದು ಸುತ್ತಿ ಕರೆಯುವ ಹಾಗಿಲ್ಲ, ಕಂಪೈಲರ್ ಒಪ್ಪುವುದಿಲ್ಲ. ಸಿ++ಗೆ ನಿಜವಾದ ಮಾಡ್ಯೂಲ್ ಬರಲು 2020 ಆಗಬೇಕಾಯಿತು.

ಕೊನೆಯದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. 1984ರಲ್ಲಿ ಡೇವಿಡ್ ಮ್ಯಾಕ್ವೀನ್ ಎಂಎಲ್ ಭಾಷೆಗೆ ಒಂದು ಮಾಡ್ಯೂಲ್ ವ್ಯವಸ್ಥೆ ಸೂಚಿಸಿದರು. ಅದರಲ್ಲಿ ಫಂಕ್ಟರ್ ಅಂತ ಒಂದಿದೆ. ಫಂಕ್ಷನ್ ಒಂದು ಸಂಖ್ಯೆ ತೆಗೆದುಕೊಂಡು ಇನ್ನೊಂದು ಸಂಖ್ಯೆ ಕೊಡುತ್ತದೆ. ಫಂಕ್ಟರ್ ಒಂದು ಮಾಡ್ಯೂಲನ್ನೇ ತೆಗೆದುಕೊಂಡು ಇನ್ನೊಂದು ಮಾಡ್ಯೂಲ್ ಕೊಡುತ್ತದೆ.

ನಮ್ಮ ಊರಿನ ಲೆಕ್ಕದಲ್ಲೇ ನೋಡಿ. ಶಿವಮೊಗ್ಗದಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು. ಸಾಗರಕ್ಕೆ ಹೋದರೆ ರಾಶಿ ಜೊತೆಗೆ ಚಾಲಿ, ಕೆಂಪು ಗೋಟು, ಬಿಳೆ ಗೋಟು, ಕೋಕಾ, ಸಿಪ್ಪೆಗೋಟು. ಬಿಲ್ಲು ಮಾಡುವ ರೀತಿ ಮಾತ್ರ ಒಂದೇ. ಹಾಗಾಗಿ ಬಿಲ್ಲನ್ನು ಫಂಕ್ಟರ್ ಮಾಡಿ. ಅದು ಕೇಳುವುದು ಇಷ್ಟೇ: ದರ್ಜೆ ಅನ್ನುವ ಒಂದು ಟೈಪ್ ಕೊಡು, ದರ್ಜೆ ಹೇಳಿದರೆ ಹೆಸರು ಕೊಡುವ ಫಂಕ್ಷನ್ ಕೊಡು, ಕ್ವಿಂಟಲಿಗೆ ದರ ಹೇಳುವ ಫಂಕ್ಷನ್ ಕೊಡು. ಶಿವಮೊಗ್ಗದ ದರ್ಜೆ ಕೊಟ್ಟರೆ ಶಿವಮೊಗ್ಗದ ಬಿಲ್ಲು, ಸಾಗರದ್ದು ಕೊಟ್ಟರೆ ಸಾಗರದ್ದು. ಶಿವಮೊಗ್ಗದ ಬಿಲ್ಲಿಗೆ ಯಾರಾದರೂ ಕೈತಪ್ಪಿ ಚಾಲಿ ಹಾಕಿದರೆ ಅಲ್ಲೇ, ಪ್ರೋಗ್ರಾಮ್ ಓಡುವ ಮುಂಚೆಯೇ, ಕಂಪೈಲರ್ ತಡೆಯುತ್ತದೆ.

ಬಾಗಿಲ ಹತ್ತಿರದ ಮೇಜಿನ ಮೇಲೆ ಈ ಫಂಕ್ಟರಿನ ಪ್ರತಿಗಳನ್ನು ಇಟ್ಟಿದ್ದೇನೆ, ಒಂದೂವರೆ ಪುಟ. ಶಿವಮೊಗ್ಗ, ಸಾಗರದ ಮಾಡ್ಯೂಲು ಬರೆದಿದೆ, ನಿಮ್ಮ ಊರಿನದಕ್ಕೆ ಜಾಗ ಖಾಲಿ ಬಿಟ್ಟಿದೆ. ಚನ್ನಗಿರಿಯವರು, ಶಿರಸಿಯವರು, ಕೊಪ್ಪದವರು ಇದ್ದರೆ ಮನೆಗೆ ಹೋದಾಗ ಹಿರಿಯರನ್ನು ಕೂರಿಸಿಕೊಂಡು ಅಲ್ಲಿನ ದರ್ಜೆಗಳ ಹೆಸರು ಕೇಳಿ ಬರೆಯಿರಿ. ಈಗ ಪ್ರಶ್ನೆ ಇದ್ದರೆ ಕೇಳಿ, ಮಳೆ ನಿಲ್ಲುವವರೆಗೂ ಇಲ್ಲೇ ಇರುತ್ತೇನೆ.